ಹೊಟ್ಟೆ ತುಂಬ ಬಡಿಸಿದ ತಪ್ಪಿಗೆ

ಮಾನ್ಯ ರುಚಿ ನಡಿಗೆ ಉಸ್ತುವಾರಿ ಅಧಿಕಾರಿಗಳೇ,

ಬಸವಕಲ್ಯಾಣದ ಅಂಬುಬಾಯಿ ಅತಿಥಿಗಳಿಗೆ ಹೊಟ್ಟೆ ತುಂಬ ಬಡಿಸಿದರು ಎಂಬ ಕಾರಣಕ್ಕೆ ಅವರ ಮನೆಯನ್ನು ತಾವು ನಡಿಗೆಯ ದಾರಿಯಿಂದ ತೆಗೆದುಹಾಕಿದ್ದೀರಿ. ಇದು ನನ್ನ ಉತ್ಪ್ರೇಕ್ಷೆಯಲ್ಲ, ತಮ್ಮ ಕಚೇರಿಯ ಪತ್ರದಲ್ಲೇ ಇದೆ: 'ನಿಗದಿತ ಪ್ರಮಾಣ ಮೀರಿ ಬಡಿಸಿ ವೇಳಾಪಟ್ಟಿಗೆ ಭಂಗ ತಂದಿರುವುದರಿಂದ ಐದನೇ ನಿಲುಗಡೆಯನ್ನು ಕೈಬಿಡಲಾಗಿದೆ.' ನಾನು ಶಾಲಾ ಶಿಕ್ಷಕಿ. ಸರಕಾರಿ ಕಾಗದ ಓದಿ ಓದಿಯೇ ತಲೆ ನರೆತಿದೆ. ಕಡಿಮೆ ಬಡಿಸಿದವರ ಮೇಲೆ, ಹಳಸಿದ್ದನ್ನು ಬಡಿಸಿದವರ ಮೇಲೆ, ಏನೂ ಬಡಿಸದೆ ಬಡಿಸಿದೆವೆಂದು ಬರೆದುಕೊಟ್ಟವರ ಮೇಲೆ ಕ್ರಮ ಕೈಗೊಂಡದ್ದನ್ನು ಕಂಡಿದ್ದೇನೆ. ಹೆಚ್ಚು ಬಡಿಸಿದ ತಪ್ಪಿಗೆ ಶಿಕ್ಷೆಯಾದದ್ದನ್ನು ಮಾತ್ರ ಇದೇ ಮೊದಲು ಕಂಡೆ. ಅದೂ ಕಲ್ಯಾಣದಲ್ಲಿ!

ಪತ್ರ ಬಹಿರಂಗವಾದ್ದರಿಂದ ಬೇರೆಯವರೂ ಓದುತ್ತಾರೆ. ಅವರಿಗಾಗಿ ಎರಡು ಮಾತು. ಭಾನುವಾರ ಬೆಳಿಗ್ಗೆ ಪರಊರಿನ ಅತಿಥಿಗಳನ್ನು ಬಸವಕಲ್ಯಾಣದ ಗಲ್ಲಿಗಳಲ್ಲಿ ನಡೆಸಿ, ಐದು ಕಡೆ ತಿನ್ನಿಸಿ, ಆಮೇಲೆ ಬಸ್ಸಿನಲ್ಲಿ ಹುಮನಾಬಾದಿಗೆ ಕರೆದೊಯ್ದು ಊಟ ಹಾಕಿಸುವುದೇ ರುಚಿ ನಡಿಗೆ. ನಾನು ಅದರ ಗೈಡ್. ಇದಕ್ಕಾಗಿ ತಮ್ಮ ಕಚೇರಿ ಹೊಳೆಯುವ ಕಾಗದದಲ್ಲಿ ಕರಪತ್ರ ಅಚ್ಚು ಹಾಕಿಸಿದೆ. ಅದರಲ್ಲಿ ನಮ್ಮ ಓಣಿಗಳನ್ನು 'ಟ್ರೆಂಡಿ ಬಡಾವಣೆಗಳು' ಎಂದು ಕರೆದಿದ್ದೀರಿ. ಕರೆಯಿರಿ ಬಿಡಿ, ಮೋರಿಗೆ ಮುಚ್ಚಳ ಇಲ್ಲದಿರುವುದೂ ಒಂದು ಟ್ರೆಂಡ್ ಇರಬಹುದು. ಆದರೆ ಎರಡನೇ ಪುಟದಲ್ಲಿ 'ಕಡಲ ತಂಗಾಳಿಯನ್ನು ಸವಿಯುತ್ತ ನಡೆಯಿರಿ' ಎಂದಿದೆಯಲ್ಲ, ಆ ಕಡಲು ಎಲ್ಲಿದೆ ಎಂದು ಅತಿಥಿಗಳು ನನ್ನನ್ನು ಕೇಳುತ್ತಾರೆ. ತ್ರಿಪುರಾಂತ ಕೆರೆಯ ಕಡೆ ಕೈ ತೋರಿಸಿ ಪಾರಾಗುತ್ತಿದ್ದೇನೆ. ಯಾವುದೋ ಮಹಾನಗರದ ಕರಪತ್ರದಲ್ಲಿ ಊರ ಹೆಸರು ಬದಲಿಸಿ ತಂದದ್ದು ಎಂದು ತಿಳಿಯಲು ಹೆಚ್ಚಿನ ಓದು ಬೇಕಿಲ್ಲ.

ಕರಪತ್ರದ ಜೊತೆಗೆ ನಿಯಮವೂ ಅಲ್ಲಿಂದಲೇ ಬಂತು. ಮೂರು ದಿನದ ತರಬೇತಿ ಕೊಡಲು ಬಂದಿದ್ದವರು ನಮಗೆ ಹೇಳಿಕೊಟ್ಟದ್ದು ಇಷ್ಟು: ಪ್ರತಿ ನಿಲುಗಡೆಯಲ್ಲಿ ಹನ್ನೆರಡು ನಿಮಿಷ, ಪ್ರತಿ ಅತಿಥಿಗೆ ಒಂದೇ ತುತ್ತು. 'ನಾಲಗೆಗೆ ಪರಿಚಯವಾಗಬೇಕು, ಹೊಟ್ಟೆಗೆ ಅಲ್ಲ' ಎಂದರು. ನಾವು ತಲೆಯಾಡಿಸಿ ಬರೆದುಕೊಂಡೆವು. ಕೋಟೆ ರಸ್ತೆಯಲ್ಲಿ ಚಹಾದಂಗಡಿ ಇಟ್ಟಿರುವ ಅಬ್ದುಲ್ ಕರೀಂ ಚಾಚಾರದು ಮೊದಲ ನಿಲುಗಡೆ. ಒಂದು ಬಿಸ್ಕತ್ತನ್ನು ನಾಲ್ಕು ತುಂಡು ಮಾಡಿ ಕೊಡಬೇಕೆಂದು ನಾನು ಹೇಳಿದಾಗ ಅವರು ಚಾಕು ಕೆಳಗಿಟ್ಟು ನನ್ನ ಕಡೆ ತಿರುಗಿದರು.

'ಇದ್ಯಾವ ಕಾಯ್ದೆರಿ ಟೀಚರ್? ಮೆಹಮಾನರ ಮುಂದ ಬಿಸ್ಕೀಟ್ ತುಕಡಾ ಮಾಡಿ ಇಡಾಕ ನನ್ನ ಕೈ ಹ್ಯಾಂಗ ಬರ್ತದರಿ?'

'ಮ್ಯಾಲಿನವರ ಆರ್ಡರ್ ಅದರಿ ಚಾಚಾ,' ಎಂದೆ. ಪಾಪ, ತುಂಡು ಮಾಡಿದರು. ಅತಿಥಿಗಳ ಮುಖ ನೋಡದೆ ತಟ್ಟೆ ಮುಂದಿಟ್ಟು ಒಳಗೆ ಹೋದರು.

ಐದನೆಯದು ಅಂಬುಬಾಯಿಯ ಮನೆ. ಬುದ್ಧ ವಿಹಾರದ ಓಣಿಯಲ್ಲಿದೆ. ಮದುವೆ ಮನೆಗಳಿಗೆ, ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವುದು ಅವರ ಕೆಲಸ. ಸೊಸೆ ವಿಶಾಖಾ ಜೊತೆಗಿರುತ್ತಾಳೆ. ಅವರ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ, ಅಂದರೆ ನಮ್ಮ ಹಿಂಡಿ, ತಿಂದವರು ಹೆಸರು ಮರೆಯುವುದಿಲ್ಲ ಎಂದು ತಮ್ಮ ಕರಪತ್ರವೇ ಹೇಳುತ್ತದೆ, ಮತ್ತು ಅದೊಂದನ್ನು ಮಾತ್ರ ಸರಿಯಾಗಿ ಹೇಳಿದೆ. ಉದ್ಘಾಟನೆಯ ಭಾನುವಾರ ಹದಿನೆಂಟು ಮಂದಿಯನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಅಂಗಳ ಸಾರಿಸಿ, ಜಮಖಾನೆ ಹಾಸಿ, ಕೈತೊಳೆಯಲು ನೀರು ಇಟ್ಟಿದ್ದರು. ನಾನು ಬಾಗಿಲಲ್ಲೇ ನಿಂತು ಗಡಿಯಾರ ತೋರಿಸಿದೆ.

'ಅಂಬುಬಾಯಿ, ಹನ್ನೆರಡ ನಿಮಿಷ ಅಷ್ಟೇ ಅದರಿ. ಒಂದ ರೊಟ್ಟಿ ಎಂಟ ತುಂಡ ಮಾಡಿ ಕೊಟ್ಟಬಿಡ್ರಿ, ಸಾಕು.'

'ತುಂಡ ಮಾಡಾಂಗಿಲ್ರಿ ಟೀಚರ್. ಇಡೀದ ಉಣ್ಲಿ. ಎಲ್ಲಾರೂ ಕುಂದರ್ರಿ, ನಿಂತ ಉಣ್ಣೂದು ನಮ್ಮ ಮನ್ಯಾಗ ಇಲ್ಲ.'

ಕುಳಿತರು. ಒಂದು ರೊಟ್ಟಿ ಮುಗಿಯುವುದರೊಳಗೆ ಇನ್ನೊಂದು ಬಿತ್ತು. ಬೇಡವೆಂದು ಕೈ ಅಡ್ಡ ಹಿಡಿದವರ ಕೈ ಸರಿಸಿಯೇ ಬಡಿಸಿದರು. ಹೈದರಾಬಾದಿನಿಂದ ಬಂದಿದ್ದ ಹಿರಿಯರೊಬ್ಬರು ಮೂರನೆಯದನ್ನು ತಾವಾಗಿಯೇ ಕೇಳಿದರು. ಸೊಲ್ಲಾಪುರದ ಹೆಣ್ಣುಮಗಳು ಹಿಂಡಿ ಕಟ್ಟಿಕೊಡಿ ಎಂದಳು. ಹನ್ನೆರಡು ನಿಮಿಷ ಎಲ್ಲಿ, ಅರವತ್ತೇಳು ನಿಮಿಷ ಎಲ್ಲಿ! ಅಷ್ಟೂ ಹೊತ್ತು ನಾನು ಬಾಗಿಲಲ್ಲಿ ಗೈಡಿನ ಗುರುತಿನ ಕೊಡೆ ಹಿಡಿದು ನಿಂತು ಚಡಪಡಿಸುತ್ತಿದ್ದೆ.

ಹುಮನಾಬಾದಿನಲ್ಲಿ ಏನಾಯಿತೆಂದು ತಮಗೆ ನಾನು ಹೇಳಬೇಕಿಲ್ಲ. ಹೆದ್ದಾರಿಯ ಹೋಟೆಲಿನಲ್ಲಿ ಹಾರ ಹಿಡಿದು, ಫೋಟೋದವರನ್ನು ನಿಲ್ಲಿಸಿಕೊಂಡು ಒಂದು ಗಂಟೆಯಿಂದ ಕಾದವರು ತಾವೇ. 'ಹುಮನಾಬಾದಿನ ಪರಂಪರೆಯ ಊಟ' ಎಂಬ ಬ್ಯಾನರಿನ ಕೆಳಗೆ ಪನೀರ್ ಬಟರ್ ಮಸಾಲಾ ಮತ್ತು ಗೋಬಿ ಮಂಚೂರಿ. ಅದು ಯಾರ ಅಜ್ಜಿಯ ಪರಂಪರೆಯೋ! ನಮ್ಮ ಅತಿಥಿಗಳು ಎರಡೂವರೆಗೆ ಬಂದು, ತಟ್ಟೆಗೆ ನಮಸ್ಕಾರ ಮಾಡಿ, ಒಂದೊಂದು ಲೋಟ ಮಜ್ಜಿಗೆ ಕುಡಿದು ಎದ್ದರು. ಹೋಟೆಲಿನ ಊಟ ಉಳಿಯಿತು, ತಮ್ಮ ಮುಖ ಸಪ್ಪಗಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ತಾವು ಅದನ್ನು ಕಚೇರಿಯ ಮೊಹರು ಹಾಕಿ ಮಾಡಿದಿರಿ.

ಆದರೆ ಬರೆ ಎಳೆಯಲು ಕಬ್ಬಿಣ ಕಾಯಿಸಿ ಕೊಟ್ಟವಳು ನಾನು. ಅಂದು ಸಂಜೆ ತಮ್ಮ ವರದಿಯ ನಮೂನೆಯಲ್ಲಿ ವಿಳಂಬದ ನಿಮಿಷ 'ಐವತ್ತೈದು' ಎಂದೂ, ಕಾರಣ 'ಆತಿಥೇಯರು ಸೂಚನೆ ಪಾಲಿಸಲಿಲ್ಲ' ಎಂದೂ ಬರೆದೆ. ಇಪ್ಪತ್ತೆರಡು ವರ್ಷ ಮಕ್ಕಳ ಹಾಜರಿ ಬರೆದ ಕೈ, ಅಕ್ಷರ ದುಂಡಗೇ ಬಂತು. ಊಟ ಹೇಗಿತ್ತು, ಅತಿಥಿಗಳು ಏನೆಂದರು ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಜಾಗವಿಲ್ಲದ್ದನ್ನು ಅಂಚಿನಲ್ಲಾದರೂ ಬರೆಯಬೇಕೆಂದು ನನಗೂ ತೋಚಲಿಲ್ಲ.

ಮುಂದಿನ ನಡಿಗೆಯ ಹಿಂದಿನ ದಿನ ಹೊಸ ನಕ್ಷೆಯೂ ಮೇಲೆ ಹೇಳಿದ ಪತ್ರವೂ ನನ್ನ ಫೋನಿಗೆ ಬಂದವು. ಐದನೇ ನಿಲುಗಡೆ ಇಲ್ಲ. ಅಂಬುಬಾಯಿಗೆ ಗೈಡ್ ತಿಳಿಸಿರುತ್ತಾಳೆ ಎಂದು ಕಚೇರಿ ಅಂದುಕೊಂಡಿತು, ಕಚೇರಿ ತಿಳಿಸಿರುತ್ತದೆ ಎಂದು ನಾನು ಅಂದುಕೊಂಡೆ. ಅಥವಾ ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಅವರು ಬೆಳಗಿನ ಜಾವವೇ ಎದ್ದು ನಲವತ್ತು ರೊಟ್ಟಿ ಬಡಿದಿದ್ದರು. ನಾನು ಇಪ್ಪತ್ತು ಅತಿಥಿಗಳನ್ನು ಹಿಂದಿಟ್ಟುಕೊಂಡು ಬಣ್ಣದ ಕೊಡೆ ಎತ್ತಿ ಬರುವಾಗ ಓಣಿಯ ತಿರುವಿನಲ್ಲಿ ವಿಶಾಖಾ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

'ಟೀಚರ್, ಈ ಕಡಿ ಬರ್ರಿ,' ಎಂದಳು, ನಾನೇ ದಾರಿ ಮರೆತೆನೇನೋ ಎಂಬಂತೆ.

'ಇವತ್ತ ಈ ಕಡಿ ಇಲ್ಲವ್ವ,' ಎಂದೆ. ಎಂದು ಮುಂದೆ ನಡೆದೆ. ಆ ಹುಡುಗಿಯ ಮುಖ ನೋಡಲಿಲ್ಲ, ನೋಡಿದ್ದರೆ ನಡೆಯಲು ಆಗುತ್ತಿರಲಿಲ್ಲ.

ಅತಿಥಿಗಳನ್ನು ಹುಮನಾಬಾದಿನ ಬಸ್ಸು ಹತ್ತಿಸಿ ಮಧ್ಯಾಹ್ನ ಅವರ ಮನೆಗೆ ಹೋದೆ. ಅಂಬುಬಾಯಿ ರೊಟ್ಟಿಗಳ ಮೇಲೆ ಬಟ್ಟೆ ಮುಚ್ಚುತ್ತಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

'ಉಪ್ಪ ಹೆಚ್ಚಾಗಿತ್ತೇನ್ರಿ ಟೀಚರ್? ಯಾರದಾರ ಹೊಟ್ಟಿ ಕೆಟ್ಟಿತ್ತೇನ್ರಿ?'

'ಏನೂ ಕೆಟ್ಟಿಲ್ರಿ. ಟೈಮ್ ಭಾಳ ಹಿಡೀತಂತ. ಅದಕ್ಕ ತಗದಾರ.'

ಅವರು ನಕ್ಕರು. 'ಟೈಮಾ? ನಮ್ಮ ಓಣಿಗಿ ಬರಾಕ ಊರ ಮಂದಿಗಿ ಯಾವತ್ತ ಟೈಮ್ ಇತ್ರಿ?'

ಇದಕ್ಕೆ ಉತ್ತರ, ಮಾನ್ಯರೇ, ತಮ್ಮ ತರಬೇತಿಯ ಪುಸ್ತಕದಲ್ಲಿ ಎಲ್ಲಾದರೂ ಇದೆಯೇ? ಮಾತು ಬದಲಿಸಲು ನಾನೇ ಕೇಳಿದೆ: 'ಅವತ್ತ ತುಂಡ ಮಾಡಿ ಕೊಟ್ಟಿದ್ರ ಇಷ್ಟೆಲ್ಲಾ ಆಗ್ತಿರಲಿಲ್ಲಲ್ರಿ. ಯಾಕ ಒಲ್ಲೆ ಅಂದ್ರಿ?'

ಅವರು ಬಟ್ಟೆಯ ಅಂಚು ಸರಿಮಾಡುತ್ತ ಹೇಳಿದರು: 'ನಮ್ಮವ್ವ ಮಂಠಾಳದಾಗ ದಿನಾ ಹೊಲದ ಕೆಲಸ ಮುಗಿಸಿ ಸಂಜೀಕ ಮಾಲಕರ ಅಂಗಳದಾಗ ನಿಂದರ್ತಿದ್ಲರಿ. ನಾ ಆಕಿ ಸೀರಿ ಹಿಡಕೊಂಡು. ಅವರು ಕಟ್ಟಿ ಮ್ಯಾಲಿಂದ ರೊಟ್ಟಿ ತುಂಡ ಒಗೀತಿದ್ರು. ಕೈ ತಾಕಬಾರದು ನೋಡ್ರಿ, ಅದಕ್ಕ. ಸೆರಗಿನ್ಯಾಗ ಬಿದ್ರ ಚಲೋ, ಮಣ್ಣಾಗ ಬಿದ್ರ ಝಾಡಿಸಿ ತಿಂತಿದ್ವಿ. ನನ್ನ ಕೈಲೆ ಯಾರ ಮುಂದೂ ತುಂಡ ಇಡಾಂಗಿಲ್ಲಂತ ಅವಾಗೇ ಅಂದ್ಕೊಂಡೀನಿ. ಆರ್ಡರ್ ಯಾರದರ ಇರ್ಲಿ.'

ಮಂಠಾಳ ನನ್ನ ತಾಯಿಯ ತವರು. ಅಜ್ಜನ ಮನೆಗೆ ಎದೆಯೆತ್ತರದ ಕಟ್ಟೆಯಿತ್ತು. ಬೇಸಿಗೆ ರಜೆಯಲ್ಲಿ ಅದರ ಮೇಲೆ ಕುಳಿತು ನಾವು ಶೇಂಗಾ ತಿನ್ನುತ್ತಿದ್ದೆವು. ಯಾವ ಮಾಲಕರು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಒಂದು ಮಾತು ಮಾತ್ರ ಹೇಳಿದರು.

'ಅವತ್ತ ಎಲ್ಲಾರೂ ಉಂಡ್ರು. ನೀವ್ ಒಬ್ಬರೇ ಉಣ್ಣಲಿಲ್ಲ ಟೀಚರ್.'

'ಡ್ಯೂಟಿ ಮ್ಯಾಲಿದ್ದೆರಿ,' ಎಂದೆ.

ಸುಳ್ಳು. ಉದ್ಘಾಟನೆಯ ಬೆಳಿಗ್ಗೆ ಕರೀಂ ಚಾಚಾರ ಚಹಾ ಕುಡಿದಿದ್ದೆ. ಪೇಟೆಯ ಮಿಠಾಯಿ ಅಂಗಡಿಯಲ್ಲಿ ಎರಡು ಜಿಲೇಬಿ ತಿಂದಿದ್ದೆ. ಮೂರನೇ, ನಾಲ್ಕನೇ ನಿಲುಗಡೆಯಲ್ಲೂ ಬಾಯಾಡಿಸಿದ್ದೆ. ಡ್ಯೂಟಿ ನೆನಪಾದದ್ದು ಐದನೆಯದರಲ್ಲಿ ಮಾತ್ರ. ವಾರಕ್ಕೊಮ್ಮೆ ಶರಣರ ಗೋಷ್ಠಿಯಲ್ಲಿ ಕುಳಿತು ಸಮಾನತೆಗೆ ತಲೆದೂಗುವ ಹೆಂಗಸು ನಾನು. ನನಗೆ ನಾಚಿಕೆಯಾಯಿತು. ಈ ಸಲ ಅವರು ಬಡಿಸಿದರು, ಉಂಡೆ. ಎರಡು ರೊಟ್ಟಿ. ಈ ಊರಿನಲ್ಲಿ ಇಷ್ಟು ವರ್ಷ ಇದ್ದು ಆ ಓಣಿಯಲ್ಲಿ ನಾನು ಉಂಡ ಮೊದಲ ಊಟ ಅದು.

ಈಗ ತಮ್ಮ ಸರದಿ. ತಾವು ಜಾತಿ ನೋಡಿ ಈ ಮನೆಯನ್ನು ಬಿಟ್ಟಿರಿ ಎಂದು ನಾನು ಆರೋಪಿಸುತ್ತಿಲ್ಲ. ತಮ್ಮ ಮನಸ್ಸಿನಲ್ಲಿ ಏನಿತ್ತೋ ತಮಗೇ ಗೊತ್ತು. ಬರೀ ಗಡಿಯಾರ ನೋಡಿದ್ದೀರಿ ಎಂದೇ ನಂಬುತ್ತೇನೆ. ಆದರೆ ಗಡಿಯಾರ ನೋಡಿ ಬಿಟ್ಟರೂ, ಓಣಿಯ ಹೆಸರು ಕೇಳಿ ಬಿಟ್ಟರೂ, ಆ ತಿರುವಿನಲ್ಲಿ ತಂಬಿಗೆ ಹಿಡಿದು ನಿಂತವಳಿಗೆ ವ್ಯತ್ಯಾಸ ಏನು? ತಮ್ಮ ವೇಳಾಪಟ್ಟಿಯಲ್ಲಿ ಬಸವಣ್ಣನ ಪ್ರತಿಮೆಯ ಮುಂದೆ ಅತಿಥಿಗಳನ್ನು ನಿಲ್ಲಿಸಿ, ಹನ್ನೆರಡನೇ ಶತಮಾನದಲ್ಲಿ ಇಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತರು ಎಂದು ಹೇಳಲು ಜಾಗವಿದೆ. ಇಪ್ಪತ್ತೊಂದನೇ ಶತಮಾನದಲ್ಲಿ ಒಬ್ಬರು ನಿಜವಾಗಿ ಪಂಕ್ತಿ ಹಾಕಿ ಕೂರಿಸಿದರೆ ಅದು ಶಿಸ್ತಿನ ಉಲ್ಲಂಘನೆ! ಮೇಲಾಗಿ, ಅವರ ಮನೆ ತೆಗೆದಿರಿ, ಕರಪತ್ರದಿಂದ ಅವರ ಫೋಟೋ ತೆಗೆಯಲಿಲ್ಲ. ಮುಖಪುಟದಲ್ಲಿ ರೊಟ್ಟಿ ಬಡಿಯುತ್ತ ನಗುತ್ತಿರುವವರು ಅಂಬುಬಾಯಿಯೇ. ಅವರ ನಗು ಬೇಕು, ಅವರ ಅಂಗಳ ಬೇಡ. ಇಂಥ ಲೆಕ್ಕಾಚಾರ ಯಾವ ಪಾಠದಲ್ಲಿ ಬರುತ್ತದೆ, ನಮಗೂ ಹೇಳಿಕೊಡಿ. ಮೊನ್ನೆ ವಿಶಾಖಾ ಆ ಕರಪತ್ರ ತಂದು, 'ಈ ಫೋಟೋ ನೋಡಿ ಮಂದಿ ಹುಡುಕ್ಕೋತ ಬರ್ತಾರಂತ ಅತ್ತಿ ಕಾಯ್ತಾರ್ರಿ,' ಎಂದಳು.

ಆದ್ದರಿಂದ ನನ್ನ ಒತ್ತಾಯ ಕೇಳಿ. ಅಂಬುಬಾಯಿಯ ಮನೆಯನ್ನು ನಡಿಗೆಗೆ ಮರಳಿ ಸೇರಿಸಿ, ಮತ್ತು ಅದನ್ನು ಕೊನೆಯ ನಿಲುಗಡೆಯಾಗಿ, ಊಟದ ನಿಲುಗಡೆಯಾಗಿ ಸೇರಿಸಿ. ತುತ್ತಿನ ನಿಯಮ ಬೇರೆ ಯಾವ ಊರಿಗಾದರೂ ಹೊಂದಲಿ, ಇಲ್ಲಿಂದ ಅದನ್ನು ಕಿತ್ತುಹಾಕಿ. ಹುಮನಾಬಾದಿನಲ್ಲಿ ಪರಂಪರೆ ಬೇಕಿದ್ದರೆ ಹೆದ್ದಾರಿ ಬಿಟ್ಟು ಊರೊಳಗೆ ಹೋಗಿ ಹುಡುಕಿ, ಅಲ್ಲೂ ಒಲೆ ಹೊತ್ತಿಸುವ ಕೈಗಳಿವೆ. ಇದಾವುದೂ ಆಗದಿದ್ದರೆ ಆ ಕರಪತ್ರವನ್ನು ಈ ವಾರವೇ ಹಿಂದಕ್ಕೆ ಪಡೆಯಿರಿ.

ಬರುವ ಭಾನುವಾರ ನಾನು ಅತಿಥಿಗಳನ್ನು ಕರೆದುಕೊಂಡು ಆ ಓಣಿಗೆ ತಿರುಗುತ್ತೇನೆ. ಬೇಕಿದ್ದರೆ ಅಷ್ಟರೊಳಗೆ ನನ್ನನ್ನು ತೆಗೆದುಹಾಕಿ, ಬೇಸರವಿಲ್ಲ. ಆದರೆ ಆಗ ಅಂಬುಬಾಯಿಗೆ ಕಾರಣ ಹೇಳುವ ಕೆಲಸ ತಮ್ಮದು. ಪತ್ರದಲ್ಲಿ ಬೇಡ, ಅವರ ಅಂಗಳಕ್ಕೆ ಬಂದು ಮುಖ ನೋಡಿ ಹೇಳಿ. ಬಂದ ಕೂಡಲೇ ಹೇಳಲು ಮಾತ್ರ ಆಗುವುದಿಲ್ಲ. ಮೊದಲು ಕೂರಿಸುತ್ತಾರೆ, ಇಡೀ ರೊಟ್ಟಿ ಬಡಿಸುತ್ತಾರೆ. ಅದನ್ನು ಉಂಡು ಮುಗಿಸಿದ ಮೇಲೂ ಹೇಳುವ ಬಾಯಿ ತಮಗಿದ್ದರೆ ಹೇಳಿ.

ಇಂತಿ,
ಇಪ್ಪತ್ತೆರಡು ವರ್ಷ ಇದೇ ಊರಿನಲ್ಲಿ ಪಾಠ ಹೇಳಿ, ಆ ಓಣಿಯ ದಾರಿಯನ್ನು ತಮ್ಮ ನಕ್ಷೆ ನೋಡಿ ಕಲಿತ
ಜಯಮಾಲಾ, ಬಸವಕಲ್ಯಾಣ