ಗುಡಿಸಿದ ಮರಳು

ನೂಕಾಲಮ್ಮಪೇಟ,
೯ ಫೆಬ್ರವರಿ ೧೯೮೭, ಸೋಮವಾರ

ಮುದ್ದಿನ ಅಳಿಯ ಎಲ್ಲಾಜಿಗೆ ಮಾವ ನೂಕರಾಜು ತಲೆ ಸವರಿ ಬರೆಯುವುದು.

ಹೇಗಿದ್ದೀಯ? ಹಗ್ಗ ಕೊಯ್ದಿದ್ದ ಅಂಗೈ ಮಾಗಿತೇ? ವೆರಾವಲ್‌ನಲ್ಲಿ ಬೇಳೆಸಾರಿಗೂ ಬೆಲ್ಲ ಹಾಕುತ್ತಾರೆಂದು ಬರೆದಿದ್ದೆ. ಪಾಪ, ಅವರ ಸಮುದ್ರವೂ ಸಪ್ಪೆಯೇ ಇರಬೇಕು. ನಿನ್ನ ಅಮ್ಮ ಗಟ್ಟಿಯಾಗಿದ್ದಾಳೆ. ನನ್ನ ಅಕ್ಕನಲ್ಲವೇ, ಕೆಮ್ಮು ಹೋಗಿದೆ, ಬಾಯಿ ಹೋಗಿಲ್ಲ. ಮೀನುಬುಟ್ಟಿ ಹೊತ್ತು ದಿನಾ ನಗರಕ್ಕೆ ಹೋಗಿ ಬರುತ್ತಾಳೆ. ನನ್ನ ವಿಚಾರ ಕೇಳುವುದೇ ಬೇಡ, ಈ ವಯಸ್ಸಿಗೂ ಬಲೆಯ ಗಂಟನ್ನು ಹಲ್ಲಿನಲ್ಲಿ ಬಿಚ್ಚುತ್ತೇನೆ. ಪೇಟೆಯ ಮುದುಕರಲ್ಲಿ ಐದನೇ ಕ್ಲಾಸು ಮುಟ್ಟಿದವನು ನಾನೊಬ್ಬನೇ ಆದ್ದರಿಂದ ಯಾರ ಕೈಯಲ್ಲೂ ಬರೆಸದೆ ನಾನೇ ಬರೆಯುತ್ತಿದ್ದೇನೆ. ಅಕ್ಷರ ಅಲುಗಾಡಿದ್ದರೆ ಅದು ವಯಸ್ಸಿನಿಂದಲ್ಲ. ಶುಕ್ರವಾರ ನಗರದ ಸಭೆಯಲ್ಲಿ ಕಂಡದ್ದರಿಂದ.

ಮೊದಲಿನಿಂದ ಹೇಳುತ್ತೇನೆ. ನಗರ ಉಬ್ಬುತ್ತಿದೆಯಲ್ಲ, ಎರಡು ಸಾವಿರದ ಒಂದನೆಯ ಇಸವಿಗೆ ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ರಸ್ತೆ ಎಂದು ಈಗಲೇ ನಕ್ಷೆ ಬರೆದಿಡುತ್ತಾರಂತೆ. ನಾಳೆ ಮೀನು ಬೀಳುತ್ತದೋ ಇಲ್ಲವೋ ಹೇಳಲಾಗದ ನಮಗೆ ಕೇಳಿಯೇ ನಗು ಬಂದಿತ್ತು. ಆ ಕೆಲಸಕ್ಕೆಂದು ಕಾರ್ತಿಕದಲ್ಲಿ ಒಬ್ಬ ಅಧಿಕಾರಿ ನಮ್ಮ ದಂಡೆ ನೋಡಲು ಬಂದ. ನೀವು ಹುಡುಗರೆಲ್ಲ ಅಷ್ಟು ಹೊತ್ತಿಗೆ ಗುಜರಾತಿನ ದೋಣಿ ಹತ್ತಿಯಾಗಿತ್ತು. ಊರ ಹಿರಿಯ ದಾಲಯ್ಯ ನನ್ನನ್ನೇ ಕರೆದು, ದೊಡ್ಡವರು ಬರುತ್ತಿದ್ದಾರೆ, ಪೇಟೆಯ ಮಾನ ನಿನ್ನ ಕೈಯಲ್ಲಿದೆ ಎಂದ. ಮತ್ತೆ ಯಾರ ಕೈಗೆ ಕೊಟ್ಟಾನು? ಮನೆಗೆ ನೆಂಟರು ಬಂದರೆ ಅಂಗಳ ಹೇಗಿರಬೇಕೋ ಹಾಗೆ ಮಾಡಿಸಿದೆ. ತೆಪ್ಪಗಳನ್ನೆಲ್ಲ ಗಾಳಿಮರದ ತೋಪಿನ ಹಿಂದಿನ ಕಾಲುವೆಗೆ ಸಾಗಿಸಿದೆವು, ಮುದುಕರೇ ಉರುಳಿಸಿದೆವು, ನೀನು ನೋಡಬೇಕಿತ್ತು. ಬಲೆಗಳು ಮನೆಯೊಳಗೆ ಹೋದವು. ಒಣಗಲು ಹಾಕಿದ ಮೀನು ಅಧಿಕಾರಿಯ ಮೂಗಿಗೆ ತಾಗಬಾರದೆಂದು ಅದನ್ನೂ ಬಾಚಿಸಿದೆ. ಹೆಂಗಸರು ಮರಳಿಗೆ ಪೊರಕೆ ಹಾಕಿದರು. ಅಧಿಕಾರಿ ಇಳಿದು ನೋಡಿ, ಎಷ್ಟು ಚೊಕ್ಕವಾದ ಜಾಗ ಎಂದ. ಅವನಿಗೆ ಎಳನೀರು ಕೊಟ್ಟವನು ನಾನು. ಆ ಮಾತನ್ನು ಸಂಕ್ರಾಂತಿಯವರೆಗೂ ಎಲ್ಲರಿಗೂ ಹೇಳಿಕೊಂಡು ತಿರುಗಿದವನೂ ನಾನೇ.

ಶುಕ್ರವಾರ ನಕ್ಷೆಯ ಮೇಲೆ ವಾದ ಮಾಡುವವರು ಬನ್ನಿ ಎಂದು ಕರೆದಿದ್ದರು. ನಾನು, ದಾಲಯ್ಯ, ನಿನ್ನ ಅಮ್ಮ ಹೋದೆವು. ಬುಟ್ಟಿಯನ್ನು ಹೊರಗಿಡು ಎಂದರೆ ನಿನ್ನ ಅಮ್ಮ ಕೇಳಲಿಲ್ಲ, ಮಡಿಲಲ್ಲೇ ಇಟ್ಟುಕೊಂಡು ಕೂತಳು, ಸುತ್ತಲಿನ ಕುರ್ಚಿಗಳು ಖಾಲಿಯಾದವು. ಕಾರ್ಖಾನೆಯ ಹೊಗೆ ನಮ್ಮ ಕಡೆ ಬೇಡ ಎಂದು ಒಬ್ಬ, ನಮ್ಮ ಕಡೆಯೂ ಬೇಡ ಎಂದು ಇನ್ನೊಬ್ಬ. ಹೊಸ ಬಡಾವಣೆಯ ನಿವೃತ್ತ ವಕೀಲರೊಬ್ಬರು, ಸಂಜೆ ಗಾಳಿ ಕುಡಿಯಲು ಜಾಗವಿಲ್ಲದ ಊರು ಒಂದು ಊರೇ ಎಂದು ಚೆನ್ನಾಗಿ ಮಾತಾಡಿದರು. ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಎದ್ದು ಗೋಡೆಯ ನಕ್ಷೆಯ ಹತ್ತಿರ ಹೋದೆ, ನಮ್ಮ ಮನೆಗಳನ್ನು ದಾಲಯ್ಯನಿಗೆ ತೋರಿಸಿ ಮೆರೆಯೋಣವೆಂದು. ಮನೆಗಳೇನೋ ಇದ್ದವು, ಇರುವೆ ಸಾಲಿನ ಹಾಗೆ. ಅವುಗಳ ಮುಂದೆ ನೀರಿನವರೆಗೂ ಬಿಳಿ ಬಿಟ್ಟು ಬರೆದಿತ್ತು: ಖಾಲಿ ಜಾಗ. ಪಕ್ಕದಲ್ಲಿ ಮುಂದಿನ ಕಾಲದ ನಕ್ಷೆ. ಅದೇ ಮರಳಿನ ಮೇಲೆ ಒಂದು ರಸ್ತೆ, ಒಂದು ಉದ್ಯಾನ, ಎರಡು ಹೋಟೆಲು. ವಕೀಲರು ಕೇಳಿದ ಗಾಳಿ ನಮ್ಮದೇ ಅಳಿಯಾ! ಓದು ಕಲಿತದ್ದೇ ತಪ್ಪಾಯಿತು ಅನ್ನಿಸಿದ್ದು ಅದೇ ಮೊದಲು. ಕಾಲ ಕೆಳಗಿನ ಮರಳನ್ನು ಅಲೆ ಎಳೆದುಕೊಂಡು ಹೋದಂತಾಯಿತು.

ಸುಮ್ಮನಿರುವ ಜಾತಿಯೇ ನಾನು? ನನ್ನ ಅಜ್ಜನ ತೆಪ್ಪ ನಿಂತ ನೆಲ, ನೀವು ಹುಟ್ಟುವ ಮೊದಲೇ ಬಲೆ ಒಣಗಿದ ನೆಲ ಎಂದು ಗೋಡೆ ಬಿರಿಯುವ ಹಾಗೆ ಮಾತಾಡಿದೆ. ಅಧಿಕಾರಿ ಕೆಟ್ಟವನಲ್ಲ, ಎಳೆಯ ಮುಖ. ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಹೇಳಿದ: "ನಾನೇ ಬಂದು ನೋಡಿದ್ದೀನಲ್ಲ. ಒಂದು ಬಲೆ ಇರ್ಲಿಲ್ಲ, ಒಂದು ತೆಪ್ಪ ಇರ್ಲಿಲ್ಲ. ನಂಗೆ ಎಳನೀರು ಕೊಟ್ಟಿದ್ದು ನೀವೇ ಅಲ್ವಾ?"

ಸಭೆಗೆ ಸಭೆಯೇ ನಕ್ಕಿತು. ದಾಲಯ್ಯ ನನ್ನನ್ನು ನೋಡಿದ ನೋಟವನ್ನು ಕಾಗದದಲ್ಲಿ ಬರೆಯಲಾಗುವುದಿಲ್ಲ. ಆಗ ನಿನ್ನ ಅಮ್ಮ ಬುಟ್ಟಿ ಕೆಳಗಿಟ್ಟು ಎದ್ದಳು.

"ನೆಂಟ್ರು ಬರ್ತಾರೆ ಅಂತ ಮನೆ ಗುಡಿಸಿದ್ವಿ ಸ್ವಾಮಿ. ಗುಡಿಸಿದ ಮನೇಲಿ ಯಾರೂ ಇಲ್ಲ ಅಂತ ಬರ್ಕೊಂಡು ಹೋದ್ರಾ?"

ನಗು ನಿಂತಿತು. ಅಧಿಕಾರಿ ನಕ್ಷೆಯ ಆ ಬಿಳಿ ಜಾಗದ ಮೇಲೆ ಬೆರಳಿಟ್ಟ. ಬರೆದದ್ದನ್ನು ಬಾಯಿ ಮಾತಿನ ಮೇಲೆ ಅಳಿಸಲು ತನಗೆ ಅಧಿಕಾರವಿಲ್ಲ, ಶಿವರಾತ್ರಿ ಕಳೆದ ಸೋಮವಾರ ಮತ್ತೊಮ್ಮೆ ಬರುತ್ತೇನೆ, ಆ ಮರಳಿನಲ್ಲಿ ನೀವು ಏನು ಮಾಡುತ್ತೀರೋ ಅದನ್ನು ಮಾಡಿ ತೋರಿಸಿ, ಆಮೇಲೆ ನಕ್ಷೆ ಮುಗಿಯಿತು ಎಂದ. ಬಸ್ಸಿನಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ. ಇಳಿಯುವಾಗ ನಿನ್ನ ಅಮ್ಮ, "ತಮ್ಮಾ, ಇನ್ಮೇಲೆ ಪೊರಕೆ ಮುಟ್ಟಿದ್ರೆ ಕೈ ಮುರೀತೀನಿ" ಎಂದಳು. ಅಷ್ಟಾದರೂ ಅಂದಳಲ್ಲ ಎಂದು ಸಮಾಧಾನವಾಯಿತು.

ತೋರಿಸುವುದಾದರೆ ದಡಕ್ಕೆ ಎಳೆಯುವ ದೊಡ್ಡ ಬಲೆಯನ್ನೇ ಬಿಟ್ಟು ತೋರಿಸೋಣ, ಬೆರಗಾಗಿ ಬೀಳಲಿ ಎಂದು ನಾನೇ ಸೂಚಿಸಿದೆ. ನಿನ್ನೆ ಇಳಿಸಿ ನೋಡಿದೆವು. ನೀವು ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ. ಬಲೆ ನೀರಿಗೇನೋ ಹೋಯಿತು, ಹಗ್ಗ ಹಿಡಿದ ನಾವು ದಡದಲ್ಲೇ ನಿಂತೆವು, ಒಂದು ಗೇಣೂ ಬರಲಿಲ್ಲ. ಎರಡೂ ಹಗ್ಗಕ್ಕೆ ಮುದುಕರೂ ಹೆಂಗಸರೂ ಸೇರಿದರೂ ಅಲೆಯೇ ನಮ್ಮನ್ನು ಎಳೆಯಿತು. ತಲೆಯೆತ್ತಿ ಆ ಉದ್ದ ಮರಳನ್ನು ನೋಡಿದೆ. ಸುಳ್ಳು ಬರೆದ ಎಂದು ಅಧಿಕಾರಿಯನ್ನು ಬೈದಿದ್ದೆನಲ್ಲ, ನೀವಿಲ್ಲದ ಮರಳು ನಿಜಕ್ಕೂ ಖಾಲಿಯೇ.

ತಾಯಿ ನೂಕಾಲಮ್ಮ ನಿನ್ನ ದೋಣಿಯ ಮೂತಿಯಲ್ಲಿ ಕೂತು ಕಾಯಲಿ. ಗೆಳೆಯರಿಗೆಲ್ಲ ನನ್ನ ಹೆಸರು ಹೇಳು, ನೆಟ್ಟಗಿರುತ್ತಾರೆ.

ಇಂತು ನಿನ್ನ ಸೋದರಮಾವ,
ಮೈಲಪಲ್ಲಿ ನೂಕರಾಜು (ಐದನೇ ಕ್ಲಾಸು)

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಹೊರಟು ಬನ್ನಿ. ನೀನೊಬ್ಬನೇ ಅಲ್ಲ, ಪೇಟೆಯ ಹುಡುಗರೆಲ್ಲ, ಆ ಸೋಮವಾರಕ್ಕೆ ಮುಂಚೆ. ಎಳೆಯುವ ಕೈ ಬೇಕು. ಇಲ್ಲವಾದರೆ ನಿನ್ನ ಮಗ ತೆಪ್ಪ ನಿಲ್ಲಿಸಲು ಹೋಟೆಲಿನವನ ಅಪ್ಪಣೆ ಕೇಳಬೇಕು. ಸೀಸನ್ ನಡುವೆ ದೋಣಿಯ ಒಡೆಯ ಸೇಠ್ ಬಿಡುವುದಿಲ್ಲ, ಗೊತ್ತು. ಮಾವ ಸತ್ತ ಎಂದು ಹೇಳು, ನನ್ನ ಒಪ್ಪಿಗೆಯಿದೆ. ಉಳಿದವರೂ ಅದನ್ನೇ ಹೇಳಲಿ. ಅಷ್ಟು ಜನಕ್ಕೂ ಒಬ್ಬನೇ ಮಾವನೇ ಎಂದು ಕೇಳಿದರೆ, ಅಂಥ ದೊಡ್ಡ ಮನುಷ್ಯ ಎನ್ನಿ. ಚೆನ್ನಾಗಿ ಅತ್ತು ಬನ್ನಿ.