ರಾಜನ ಹಿಂದೆ ನಿಂತವನು

೧೭-೧೧-೧೯೫೪, ಬುಧವಾರ. ಅಕ್ಕಲಕೋಟ.

ರಾತ್ರಿ ಹತ್ತು ಗಂಟೆ. ಇವತ್ತು ಸೊಲ್ಲಾಪುರದಲ್ಲಿ ಉಣ್ಣೆ ಕೊಟ್ಟು ಸಿನೆಮಾದ ಮಧ್ಯಾಹ್ನದ ಆಟಕ್ಕೆ ಹೋಗಿದ್ದೆ. ತಮ್ಮ ಮಾಳಪ್ಪನನ್ನು ನೋಡಿ ಬಂದೆ.

ಎರಡು ವರ್ಷದ ಹಿಂದೆ ಸಿನೆಮಾ ಕಂಪನಿಯವರು ಯುದ್ಧದ ದೃಶ್ಯಕ್ಕೆಂದು ಇಲ್ಲಿಯ ಹುಡುಗರನ್ನು ಕರೆದೊಯ್ದಿದ್ದರು. "ಈಗ ಸಿಪಾಯಿ, ಮುಂದ ಸರದಾರ, ಆಮ್ಯಾಲೆ ರಾಜಾನ ನೋಡಣ್ಣಾ" ಎಂದು ಮಾಳಪ್ಪನೂ ನಗುತ್ತ ಹೋಗಿದ್ದ. ಚಿತ್ರ ಬರುವ ಮೊದಲೇ ಸೊಲ್ಲಾಪುರದಲ್ಲಿ ವಾಂತಿಭೇದಿಯಿಂದ ಸತ್ತ. ಅವ್ವ ಬರುವವರೆಗೆ ನಾನು ಕಾಯಲಿಲ್ಲ, ಮಣ್ಣು ಮಾಡಿಸಿಬಿಟ್ಟೆ.

ಚಿತ್ರದಲ್ಲಿ ರಾಜನಿಗೆ ಮೂರು ಬಾಣ ತಾಗಿದರೂ ಮಾತಾಡುತ್ತಲೇ ಇರುತ್ತಾನೆ. ಅವನ ಹಿಂದೆ ಈಟಿ ಹಿಡಿದಿದ್ದ ಮಾಳಪ್ಪ ಒಂದೇ ಏಟಿಗೆ ಬಿದ್ದ. ಬೀಳುವ ಮೊದಲು ನೇರ ನನ್ನನ್ನೇ ನೋಡಿದ. ಕಣ್ಣು ಮುಚ್ಚಿದರೆ ಈಗಲೂ ಅದೇ ನೋಟ. ಅತ್ತುಬಿಟ್ಟೆ. ಪಕ್ಕದವನು, "ಅಳಬ್ಯಾಡ್ರಿ ಕಾಕಾ, ರಾಜಾ ಸಾಯಂಗಿಲ್ಲ. ನಾ ಮೂರು ಸಲ ನೋಡೀನಿ" ಎಂದ.

ಅವ್ವನಿಗೆ ಹೇಳಬಾರದೆಂದೇ ಬಂದಿದ್ದೆ. ಮುಖ ನೋಡಿ ಕೇಳಿದಳು, ಹೇಳಿಬಿಟ್ಟೆ.

"ಬಿದ್ದಮ್ಯಾಲೆ ಏಳ್ತಾನೇನೋ?"

"ಇಲ್ಲವ್ವಾ."

ನಮ್ಮ ಮನೆಯಲ್ಲಿ ಮಣ್ಣು ಕೊಡುವ ಮುನ್ನ ತಾಯಿ ಮಗನ ಹಣೆಗೆ ಬೀರಪ್ಪನ ಭಂಡಾರ ಹಚ್ಚಬೇಕು. ಅವ್ವ ಆ ಅರಿಶಿನಪುಡಿಯನ್ನು ಸೆರಗಿಗೆ ಕಟ್ಟಿಕೊಂಡಳು.

"ಅಂವ ಬಿದ್ದ ಕೂಡ್ಲೇ ನಂಗ ಹೇಳು. ಪಡದಾದ ಹತ್ರ ಹೋಗಿ ಹಚ್ಚತೀನಿ."

ಜನ ನಗಬಹುದು. ಬಾಗಿಲಿನವರು ತಡೆಯಬಹುದು. ಬಿದ್ದಾಗ ಅವನ ತಲೆ ಪರದೆಯ ಕೆಳ ಅಂಚಿಗೇ ಬರುತ್ತದೆ, ಅವ್ವನ ಕೈಗೆ ನಿಲುಕೀತು.

ನಾಳೆ ಚಿತ್ರದ ಕೊನೆಯ ದಿನ. ಸೊಲ್ಲಾಪುರದ ಬಸ್ಸು ಬೆಳಿಗ್ಗೆ ಒಂಬತ್ತಕ್ಕೆ.