ಕುರ್ಚಿಯ ಕಾಲಿಗೆ ಕೊಟ್ಟ ಮರದ ತುಂಡುಗಳು

ಚಿಕ್ಕಪ್ಪ,

ನೀನು ಹೋಗಿ ವರ್ಷವಾಯಿತು. ನೀನು ಕಲಿಸಿದ ಬಡಗಿ ಕೆಲಸಕ್ಕೇ ಇವತ್ತು ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಹೋಗಿದ್ದೆ. ನಿನ್ನ ಹಾಗೇ ಶ್ವಾಸಕೋಶ ಕೆಟ್ಟ ಮುದುಕನೊಬ್ಬ ಎರಡೂ ಕೈಯಲ್ಲಿ ತೂಕ ಹಿಡಿದು ಕುರ್ಚಿಯಿಂದ ಎದ್ದು ಕೂತು ಮಾಡುತ್ತಿದ್ದ.

“ಇವರಿಗಿದು ಸಲೀಸಾಯ್ತು. ಕಾಲು ಎರಡಿಂಚು ಕೊಯ್ದುಬಿಡಪ್ಪ,” ಎಂದಳು ವ್ಯಾಯಾಮ ಮಾಡಿಸುವಾಕೆ.

“ಕುರ್ಚೀದಾ, ನಂದಾ?” ಎಂದ ಮುದುಕ ಏದುಸಿರಿನಲ್ಲೇ.

“ಉಬ್ಬಸದವರನ್ನ ಹೀಗೆ ದಣಿಸ್ತಾರೇನ್ರೀ?” ಎಂದು ರೇಗಿದೆ.

“ಕೂತೇ ಇದ್ರೆ ತೊಡೆ ಸೊರಗುತ್ತೆ. ಆಮೇಲೆ ನಾಲ್ಕು ಹೆಜ್ಜೆಗೂ ಉಸಿರು ಸಾಲಲ್ಲ.”

ಇದನ್ನು ನಮಗೆ ಯಾರೂ ಯಾಕೆ ಹೇಳಲಿಲ್ಲ? ನಿನಗೆ ಏಳಲು ಸುಲಭವಾಗಲಿ ಎಂದು ನಿನ್ನ ಕುರ್ಚಿಯ ಕಾಲಿಗೆ ಮರದ ತುಂಡು ಕೊಟ್ಟು ಮೂರು ಸಲ ಎತ್ತರಿಸಿದೆ. ಪ್ರತಿ ಸಲವೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಯಾರೂ ಹೇಳಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. “ಕೀಸುಳಿ ಕೊಡೋ, ಒಂದು ಹಲಗೆ ಹೆರೀತೀನಿ,” ಎಂದು ನೀನು ಕೇಳುತ್ತಲೇ ಇದ್ದೆ. “ಸುಮ್ನೆ ಕೂತ್ಕೋ” ಎಂದು ಗದರಿಸಿ ಅದನ್ನು ಅಟ್ಟಕ್ಕೆ ಹಾಕಿದವನು ನಾನು.

ಮುದುಕನ ಕುರ್ಚಿಯನ್ನು ನಿನ್ನ ಗರಗಸದಲ್ಲೇ ಕೊಯ್ದೆ. ಅವನು ಕೂತು, ಹಲ್ಲು ಕಚ್ಚಿ, ಎದ್ದ.

ಈಗ ಮನೆಯಲ್ಲಿ ನಿನ್ನ ಕುರ್ಚಿಯ ತುಂಡುಗಳನ್ನು ಕೀಳುತ್ತಿದ್ದೇನೆ. ಎಷ್ಟು ಗಟ್ಟಿಯಾಗಿ ಮೊಳೆ ಹೊಡೆದಿದ್ದೆನೋ, ಹಾಳಾದ್ದು, ಬರುತ್ತಿಲ್ಲ.